ಶಿವಬಸವ್ವನ ಬಾವಿಯಲ್ಲಿ ಗುಳ್ಳೆ ಎದ್ದ ದಿನ

ಮರಾಠಿ ನಾಡಿನ ಹಡಪಸರದ ಆಚೆ ಕನ್ನಡದ ಶಿವಬಸವ್ವನದೊಂದು ಶೇವಂತಿಗೆ ತೋಟ, ತೋಟಕ್ಕೊಂದು ಬಾವಿ. ಎರಡು ಮೈಲಿ ದೂರದ ಕಾರ್ಖಾನೆಯವರು ತಮ್ಮ ಹೊಗೆಯಲ್ಲಿನ ಕಾರ್ಬನ್ ಡೈಆಕ್ಸೈಡ್ ಗ್ಯಾಸನ್ನು ಗಾಳಿಗೆ ಸೇರದಂತೆ ಹಿಡಿದು ನೆಲದಾಳದ ಕರಿಗಲ್ಲಿನೊಳಗೆ ತುಂಬುತ್ತಾರೆ ಎಂಬ ಸುದ್ದಿ ಬಂದಾಗಿನಿಂದ ಆಕೆಗೆ ಸಮಾಧಾನವಿಲ್ಲ.

ಆ ಕೆಲಸ ಶುರುವಾಗುವ ಮೊದಲಿನಿಂದಲೂ ಕಾರ್ಖಾನೆಯ ಕಡೆಯಿಂದ ನೀಲಿಮಾ ಎಂಬ ಹುಡುಗಿ ಸುತ್ತಲಿನ ಬಾವಿಗಳ ನೀರು ಪರೀಕ್ಷೆಗೆ ಒಯ್ಯುತ್ತಿದ್ದಳು. ಸೊಲ್ಲಾಪುರದವಳು, ಕನ್ನಡದವಳೇ. ಆದರೂ ಶಿವಬಸವ್ವ ಬಾಗಿಲಲ್ಲೇ ತಡೆಯುತ್ತಿದ್ದಳು.

“ಸೋರೂದಿಲ್ಲಂದ್ರ ನೋಡೂದ್ಯಾಕವಾ? ಏನೋ ಮುಚ್ಚಿಡಾಕತ್ತೀರಿ!”

“ಸೋರೂದೇ ಇಲ್ಲಂತ ನಾ ಆಣಿ ಮಾಡೂದಿಲ್ರಿ ಅಮ್ಮಾ. ಸೋರಿದ್ರ ಲಗೂನ ಗೊತ್ತಾಗ್ಲಿ ಅಂತ ಬರ್ತೀನ್ರಿ.”

ಅತ್ತೆ ಒಳಗೆ ಹೋದ ಮೇಲೆ ಸೊಸೆ ಶೈಲಾ ಮೆಲ್ಲಗೆ ಒಂದು ಬಾಟಲಿ ತುಂಬಿ ಕೊಡುತ್ತಿದ್ದಳು.

ಈ ಶ್ರಾವಣದ ಒಂದು ಮುಂಜಾನೆ ಬಾವಿಯಲ್ಲಿ ಬುಳುಬುಳು ಗುಳ್ಳೆ ಎದ್ದವು. “ಗ್ಯಾಸ್ ಸೋರಿತು!” ಎಂದು ಶಿವಬಸವ್ವ ಕೂಗಿಕೊಂಡಳು. ಗಂಡ ಜಟ್ಟೆಪ್ಪ, “ತಡಿ, ನಾ ಇಳದು ನೋಡ್ತೀನಿ” ಎಂದು ಧೋತರ ಎತ್ತಿ ಕಟ್ಟಿದ. ಅಷ್ಟರಲ್ಲಿ ಶೈಲಾ ನೀಲಿಮಾಗೆ ಫೋನ್ ಹಚ್ಚಿದ್ದಳು.

“ಯಾರೂ ಇಳೀಬ್ಯಾಡ್ರಿ!” ಫೋನಿನಲ್ಲಿ ನೀಲಿಮಾ ಕೂಗಿದ್ದು ಎಲ್ಲರಿಗೂ ಕೇಳಿಸಿತು. “ಆ ಗ್ಯಾಸಿಗೆ ವಾಸನಿ ಇಲ್ಲ, ಬಣ್ಣ ಇಲ್ಲ. ಗಾಳಿಗಿಂತ ಭಾರ, ತಗ್ಗಿನ್ಯಾಗ ಕೂಡ್ತದ. ಇಳದಾವ್ರಿಗೆ ಉಸಿರು ಸಿಗೂದಿಲ್ಲ. ದೂರ ನಿಲ್ರಿ, ಆ ನೀರೂ ಕುಡೀಬ್ಯಾಡ್ರಿ. ಈಗ ಬಂದೆ.”

ಅವಳು ಬರುವ ತನಕ ಶಿವಬಸವ್ವ ಗಂಡನ ರಟ್ಟೆ ಬಿಡಲಿಲ್ಲ.

ನೀಲಿಮಾ ಹಗ್ಗಕ್ಕೆ ಗಾಳಿ ಅಳೆಯುವ ಮೀಟರು ಕಟ್ಟಿ ಬಾವಿಯೊಳಗೆ ಇಳಿಬಿಟ್ಟಳು. ಗಾಳಿ ಸರಿಯಾಗಿತ್ತು. ನೀರು ಸೇದಿ ಅಲ್ಲೇ ಪರೀಕ್ಷಿಸಿ, ತನ್ನ ನೋಟ್‌ಬುಕ್ ತೆಗೆದಳು.

“ಇದು ಎರಡು ವರ್ಷದ ಹಿಂದಿನ ಶ್ರಾವಣದ್ದು, ಗ್ಯಾಸ್ ತುಂಬೂಕಿಂತ ಮೊದಲಿಂದು. ಆಗೂ ನೀರು ಹಿಂಗೇ ಇತ್ತು, ಗುಳ್ಳಿನೂ ಎದ್ದಾವಂತ ನೀರು ಕೊಟ್ಟಾವ್ರು ಹೇಳಿದ್ರು. ತಳದಾಗ ಎಲಿ ಕೊಳೀತಾವ, ಅದರ ಗಾಳಿ ಅನಸ್ತದ. ಲ್ಯಾಬಿಗೂ ಕಳಸ್ತೀನಿ, ಅಲ್ಲೀತನಕ ನಳದ ನೀರೇ ಕುಡೀರಿ.”

“ಎರಡು ವರ್ಷದ ಹಿಂದ? ನಾ ಹನಿ ನೀರೂ ಕೊಟ್ಟಿದ್ದಿಲ್ಲಲ್ಲ!”

ಶೈಲಾ ತಲೆ ತಗ್ಗಿಸಿದಳು. ಶಿವಬಸವ್ವನಿಗೆ ಎಲ್ಲ ಹೊಳೆದು ನಗು ತಡೆಯಲಾಗಲಿಲ್ಲ. “ಭಾಳ ಛಲೋ ಮಾಡಿದಿ, ಬಿಡು. ಇಲ್ಲಂದ್ರ ಹೆಂಗ ತಿಳೀತಿತ್ತು?”

ನಾಲ್ಕನೇ ದಿನ ಲ್ಯಾಬಿನ ಕಾಗದ ಬಂತು. ನೀರಿಗೆ ಏನೂ ಆಗಿರಲಿಲ್ಲ. ಈಗ ನೀಲಿಮಾ ಬಂದರೆ ಶಿವಬಸವ್ವ ಮೊದಲು ಚಹಾ ಕೊಡುತ್ತಾಳೆ, ಆಮೇಲೆ ತಾನೇ ನೆರೆಮನೆಗಳಿಗೆ ಕರೆದುಕೊಂಡು ಹೋಗುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರ ಬಳಿ ಇಂಥ ಕೆಲಸ ಬಂದರೆ, ಅದು ಶುರುವಾಗುವ ಮೊದಲೇ ನಿಮ್ಮ ಬಾವಿಯ ನೀರು ಪರೀಕ್ಷೆಗೆ ಕೊಡಿ. ಫಲಿತಾಂಶವನ್ನು ಕೇಳಿ ಪಡೆಯಿರಿ. ಗುಳ್ಳೆ ಕಂಡರೆ, ಗಿಡ ಸುಮ್ಮನೆ ಬಾಡಿದರೆ, ಪರೀಕ್ಷೆ ಮಾಡುವವರಿಗೆ ತಕ್ಷಣ ತಿಳಿಸಿ. ಗಾಳಿ ಅಳೆಯದೆ ಮನೆಯ ಯಾರನ್ನೂ ಬಾವಿಗೆ ಇಳಿಯಲು ಬಿಡಬೇಡಿ.