ನಲವತ್ತು ಪುಟದ ಭಾಷಣ

ಹಾಸಿಗೆ ಸಾಹುಕಾರರ ಮೊದಲ ಸಿನಿಮಾಕ್ಕೆ ಬಂದ ಜನ ಇಂಟರ್ವಲ್‌ಗೆ ಎದ್ದು ಹೋಗಿದ್ದರು. ಎರಡನೆಯದಕ್ಕೆ ಆ ತೊಂದರೆ ಆಗಲಿಲ್ಲ. ಎದ್ದು ಹೋಗಲು ಯಾರೂ ಬಂದಿರಲೇ ಇಲ್ಲ. ಹಾಸಿಗೆ ಕಾರ್ಖಾನೆಯಲ್ಲಿ ಗಳಿಸಿದ್ದನ್ನು ತೆರೆಯ ಮೇಲೆ ಸುರಿಯುವ ಈ ಹುಚ್ಚಿಗೆ ಅವರ ಹೆಂಡತಿ ‘ಹೊಳೇಲಿ ಹುಣಸೆಹಣ್ಣು ಕಿವುಚೋ ಕೆಲಸ’ ಎಂದು ಹೆಸರಿಟ್ಟಿದ್ದರು. ಸಾಹುಕಾರರು ಮಾತ್ರ ಎದೆಗುಂದಲಿಲ್ಲ.

“ಮೂರನೇದೇ ಅಸಲು,” ಎನ್ನುತ್ತಿದ್ದರು. “ಭಾಷಣ ಇರೋದೇ ಮೂರನೇದ್ರಲ್ಲಿ!”

ಅವರು ಮೂರು ಭಾಗ ಮಾಡಿ ಸಿನಿಮಾ ಮಾಡಲು ಹೊರಟಿದ್ದು ಒಂದು ಭಾರೀ ಕಾದಂಬರಿಯನ್ನು. ಓದಿದವರಿಗಿಂತ ಓದಿದ್ದೇವೆ ಎನ್ನುವವರೇ ಹೆಚ್ಚಾಗಿರುವಂಥ ಕಾದಂಬರಿ. ಅದರಲ್ಲಿ ಗಾಜಿನ ಕಾರ್ಖಾನೆಯ ಒಬ್ಬ ಒಡತಿ ಇದ್ದಾಳೆ. ಇಂಥದೇ ಗಾಜು ಮಾಡು, ಇಂಥವರಿಗೇ ಮಾರು, ಇಷ್ಟಕ್ಕೇ ಕೊಡು ಎಂದು ಊರಿನ ದೊಡ್ಡವರು ಹೆಜ್ಜೆಹೆಜ್ಜೆಗೂ ಅಡ್ಡಗಾಲು ಹಾಕುತ್ತಾರೆ. ಕೊನೆಗೊಂದು ದಿನ ಅವಳು ಕುಲುಮೆ ಆರಿಸಿ, ಗೇಟಿಗೆ ಬೀಗ ಜಡಿದು, ನೆರೆದ ಜನರೆದುರು ಭಾಷಣ ಮಾಡುತ್ತಾಳೆ. ಬಂಡವಾಳ ಯಾಕೆ ಪಾಪವಲ್ಲ, ಮನುಷ್ಯ ತನಗಾಗಿ ದುಡಿಯುವುದು ಯಾಕೆ ತಪ್ಪಲ್ಲ, ಸ್ವಾತಂತ್ರ್ಯ ಅಂದರೆ ಏನು, ಏನಲ್ಲ. ಹೀಗೆ ನಲವತ್ತು ಪುಟ.

ಮೂರನೆಯ ಸಿನಿಮಾದ ಚಿತ್ರಕಥೆ ಬರೆಯುವ ಕೆಲಸ ಪುಟ್ಟಿಯ ಪಾಲಿಗೆ ಬಂತು. ನಲವತ್ತು ದಾಟಿದ ಹೆಂಗಸನ್ನು ಸ್ಟುಡಿಯೋದ ಕಾವಲುಗಾರನೂ ಪುಟ್ಟಿ ಎನ್ನುತ್ತಿದ್ದುದಕ್ಕೆ ಅವಳ ಅಕ್ಕನೇ ಕಾರಣ. ಅಕ್ಕ ಅಲ್ಲೇ ಎಡಿಟರ್. ತಂಗಿ ಬರೆದದ್ದನ್ನು ಕತ್ತರಿಸುತ್ತ, ತಂಗಿಯನ್ನು ಗದರುತ್ತ, ಅವಳ ಹೊಟ್ಟೆಬಟ್ಟೆಯನ್ನೂ ನೋಡಿಕೊಳ್ಳುತ್ತ ಬಂದವಳು. ಇಬ್ಬರೂ ಒಂದೇ ಮನೆಯಲ್ಲಿದ್ದರು.

“ಒಂದಕ್ಷರ ಬಿಡಕೂಡದು,” ಎಂದು ಸಾಹುಕಾರರು ಮೊದಲ ದಿನವೇ ಮೇಜು ಕುಟ್ಟಿ ಹೇಳಿದ್ದರು.

ಪುಟ್ಟಿ ಭಾಷಣವನ್ನು ಗಟ್ಟಿಯಾಗಿ ಓದಿ ನೋಡಿದಳು. ಎಡಿಟಿಂಗ್ ಕೋಣೆಯ ಸೋಫಾದ ಮೇಲೆ ಕಾಲು ಮಡಚಿ ಕೂತು ಅವಳು ಶುರು ಮಾಡಿದಾಗ ಅಕ್ಕ ಕೆಟಲ್‌ನಲ್ಲಿ ನೀರಿಟ್ಟಿದ್ದಳು. ಟೀ ಆಯಿತು, ಕುಡಿದದ್ದಾಯಿತು, ಲೋಟ ತೊಳೆದದ್ದಾಯಿತು. ಅಕ್ಕ ಹಿಂದಿನ ವಾರದ ಜಾಹೀರಾತೊಂದನ್ನು ಎಡಿಟ್ ಮಾಡಿ ಮುಗಿಸಿ ಕುರ್ಚಿ ತಿರುಗಿಸಿದಳು.

“ಎಲ್ಲಿಗೆ ಬಂತು?”

“ಅರ್ಧ.”

“ಅವಳಿಗೆ ಬಾಯಾರಲ್ವೇನೇ?”

“ಯಾರೂ ಯಾರಿಗಾಗಿಯೂ ಬದುಕಬಾರದು ಅನ್ನೋ ಭಾಗ ಚೆನ್ನಾಗಿದೆ ಕಣೇ ಅಕ್ಕ.”

“ಹೌದಾ? ಹಾಗಾದ್ರೆ ನಾಳೆಯಿಂದ ನಿನ್ನ ಬಟ್ಟೆ ನೀನೇ ಇಸ್ತ್ರಿ ಮಾಡ್ಕೋ.”

ಪುಟ್ಟಿ ನಕ್ಕಳು. ಆದರೆ ಪುಸ್ತಕವನ್ನು ಪಕ್ಕಕ್ಕೆಸೆಯಲು ಅವಳಿಗೆ ಮನಸ್ಸು ಬರಲಿಲ್ಲ. ಅದರ ಅರ್ಧದಷ್ಟು ಮಾತಿನ ಮೇಲೆ ಅವಳಿಗೆ ಜಗಳವಿತ್ತು. ಉಳಿದರ್ಧ, ತನ್ನ ಬಾಯಿಗೆ ಬರಬೇಕಾದ ಮಾತನ್ನು ಯಾರೋ ಮೊದಲೇ ಆಡಿಬಿಟ್ಟಂತಿತ್ತು. ಹತ್ತಾರು ನಿರ್ಮಾಪಕರ ಮರ್ಜಿಗೆ ತಾನು ಬರೆದದ್ದನ್ನು ತಾನೇ ಹೊಡೆದುಹಾಕಿದವಳು ಅವಳು. ಬೀಗ ಜಡಿಯುವ ಹೆಂಗಸಿನ ಕೈಬೆರಳುಗಳು ಅವಳ ಕಣ್ಣಿಗೆ ಕಟ್ಟಿದ್ದವು. ಅವಳಿಗೆ ಬೇಕಾದದ್ದು ಆ ಬೆರಳುಗಳು. ಸಾಹುಕಾರರಿಗೆ ಬೇಕಾದದ್ದು ನಾಲಿಗೆ.

ಅವಳು ಧೈರ್ಯ ಮಾಡಿ ಭಾಷಣವನ್ನು ಒಂದೇ ಪುಟಕ್ಕೆ ಇಳಿಸಿ, ಚಿತ್ರಕಥೆಯನ್ನು ಹಾಸಿಗೆ ಕಾರ್ಖಾನೆಗೇ ತೆಗೆದುಕೊಂಡು ಹೋದಳು. ಸಾಹುಕಾರರ ಕೋಣೆಯ ಒಂದು ಗೋಡೆ ಪೂರ್ತಿ ಗಾಜು. ಅದರಾಚೆ ಹೊಲಿಗೆ ಯಂತ್ರಗಳು ಹಾಸಿಗೆಯ ಅಂಚಿನುದ್ದಕ್ಕೂ ಓಡುತ್ತಿದ್ದವು. ಸಾಹುಕಾರರು ಹಾಳೆ ತಿರುವಿದರು. ಮತ್ತೆ ತಿರುವಿದರು. ಇನ್ನೊಂದು ಹಾಳೆ ಅಂಟಿಕೊಂಡಿದೆಯೇನೋ ಎಂದು ಬೆರಳಿಗೆ ಎಂಜಲು ಹಚ್ಚಿ ನೋಡಿದರು.

“ಮಿಕ್ಕಿದ್ದೆಲ್ಲಿ?”

“ಮಿಕ್ಕಿದ್ದಿಲ್ಲ ಸಾಹುಕಾರ್ರೇ. ಅಷ್ಟೇ.”

ಅವರ ಮುಖ ಕೆಂಪಾಯಿತು. “ನಿಮಗೆ ಗೊತ್ತಾ? ಈ ಭಾಷಣ ಇಲ್ಲದಿದ್ರೆ ಈ ಕಾರ್ಖಾನೆ ಇಲ್ಲ. ನಾನು ಇವತ್ತಿಗೂ ನಮ್ಮ ಸೋದರಮಾವನ ಅಂಗಡೀಲಿ ಹತ್ತಿ ತೂಗ್ತಾ ಇರ್ತಿದ್ದೆ. ಏನು ಉಡಬೇಕು, ಯಾರ ಜೊತೆ ಮಾತಾಡಬೇಕು, ಎಲ್ಲ ಅವರದ್ದೇ ಅಪ್ಪಣೆ. ಮಾಳಿಗೆ ಮೇಲೆ ಹತ್ತಿ ಮೂಟೆ ಸಂದೀಲಿ ಕೂತು ಈ ಪುಸ್ತಕ ಓದ್ದೆ. ಭಾಷಣದಲ್ಲಿ ಒಂದು ಮಾತು ಬಂತು ನೋಡಿ... ಪುಸ್ತಕ ಮುಚ್ಚಿದೆ, ಕೆಳಗೆ ಇಳಿದೆ, ಮಾವನಿಗೆ ಕೈಮುಗಿದೆ, ಹೊರಗೆ ಬಂದೆ. ಅಷ್ಟೇ!”

ಪುಟ್ಟಿಗೆ ವಾದ ಮಾಡುವ ಹಟ ಅಲ್ಲೇ ಕರಗಿತು. ಈಗ ಉಳಿದದ್ದು ಕುತೂಹಲ.

“ಯಾವ ಮಾತು?”

“‘ನಾಳೆ ಬೆಳಿಗ್ಗೆ ನಾನು ಏಳೋದು ನನ್ನ ಕೆಲಸಕ್ಕೆ.’” ಸಾಹುಕಾರರು ಅದನ್ನು ಮಂತ್ರದಂತೆ ಹೇಳಿದರು. ಗಾಜಿನಾಚೆ ಯಂತ್ರಗಳು ಓಡುತ್ತಲೇ ಇದ್ದವು.

“ತುಂಬಾ ಚೆನ್ನಾಗಿದೆ. ಆದ್ರೆ ನನಗೆ ಎಲ್ಲೂ ಸಿಕ್ಕಿದ ನೆನಪಿಲ್ಲ. ಯಾವ ಪುಟ?”

“ಸರಿಯಾಗಿ ಓದಿಲ್ಲ ನೀವು,” ಎಂದು ಅವರು ಗೆದ್ದವರಂತೆ ಪುಸ್ತಕ ತೆಗೆದರು. ನಡುವೆ ತೆರೆದರು. ಹಿಂದಕ್ಕೆ ಹೋದರು, ಮುಂದಕ್ಕೆ ಬಂದರು. ಕನ್ನಡಕ ಹಾಕಿದರು, ಒರೆಸಿದರು, ಮತ್ತೆ ಹಾಕಿದರು. ಕೊನೆಗೆ, “ಹುಡುಕಿ ಹೇಳ್ತೀನಿ, ನೀವು ನಡೀರಿ,” ಎಂದು ಕಳಿಸಿಬಿಟ್ಟರು.

ಆಮೇಲೆ ಅವರ ಸುದ್ದಿಯೇ ಇಲ್ಲ. ಸಿನಿಮಾ ನಿಂತೇಹೋಯಿತು ಎಂದು ಸ್ಟುಡಿಯೋದಲ್ಲಿ ಗುಸುಗುಸು ಹಬ್ಬುವ ಹೊತ್ತಿಗೆ, ಒಂದು ಮಧ್ಯಾಹ್ನ ಸಾಹುಕಾರರು ತಾವಾಗಿಯೇ ಎಡಿಟಿಂಗ್ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಕಂಕುಳಲ್ಲಿ ಪುಸ್ತಕ, ಗಡ್ಡ ಬೆಳೆದಿತ್ತು. ಅಕ್ಕ ಸೋಫಾದ ಮೇಲಿನ ಬಟ್ಟೆ ಸರಿಸಿ ಜಾಗ ಮಾಡಿಕೊಟ್ಟಳು.

“ಇಲ್ಲ,” ಎಂದರು ಅವರು. “ಭಾಷಣದಲ್ಲಿ ಇಲ್ಲ. ಪುಸ್ತಕದಲ್ಲೇ ಇಲ್ಲ. ಮೊದಲ ಪುಟದಿಂದ ಕೊನೇವರೆಗೆ ಓದ್ದೆ. ಹಳೇ ಮುದ್ರಣದಲ್ಲಿ ಇರಬಹುದು ಅಂತ ಅದನ್ನೂ ತರಿಸಿ ನೋಡ್ದೆ. ಇಷ್ಟು ವರ್ಷ ಇಲ್ಲದ ಮಾತನ್ನ ನಂಬ್ಕೊಂಡು ಬದುಕಿಬಿಟ್ಟೆನಲ್ಲಮ್ಮಾ!”

ತಾನೇ ಕೇಳಿದ ಪ್ರಶ್ನೆ ಈ ಮನುಷ್ಯನ ಬುಡ ಅಲುಗಿಸಿತಲ್ಲ ಎಂದು ಪುಟ್ಟಿಗೆ ಕಸಿವಿಸಿ. ಬಾಯಿಬಿಟ್ಟವಳು ಅಕ್ಕ.

“ಪುಸ್ತಕದಲ್ಲಿ ಇಲ್ಲ ಅಂದ್ರೆ, ಆ ಮಾತು ನಿಮ್ಮದೇ ಅಲ್ವಾ ಸಾಹುಕಾರ್ರೇ?”

ಸಾಹುಕಾರರು ಕಣ್ಣು ಪಿಳಿಪಿಳಿ ಬಿಟ್ಟರು. “ನಂದಾ?”

“ಮತ್ತೆ ಯಾರದ್ದು? ಮಾಳಿಗೆ ಮೇಲೆ ನೀವೊಬ್ಬರೇ ತಾನೇ ಇದ್ದದ್ದು?”

“ನಲವತ್ತು ಪುಟ ಓದಿ ನಿಮ್ಮ ತಲೇಲಿ ಒಂದು ಸಾಲು ಹುಟ್ಟಿದೆ,” ಎಂದು ಪುಟ್ಟಿ ಈಗ ಎಳೆ ಹಿಡಿದಳು. “ಅವಳ ಮಾತು ಕೇಳಿ ನೀವು ಎದ್ದಿಲ್ಲ, ನಿಮ್ಮ ಮಾತಿಗೇ ಎದ್ದಿರಿ. ಆ ಪುಸ್ತಕ ಹೇಳೋದೂ ಅದನ್ನೇ ಅಲ್ವಾ?”

ಸಾಹುಕಾರರು ಪುಸ್ತಕದ ಬೆನ್ನು ಸವರಿದರು. ಮೆಲ್ಲಗೆ ಅವರ ಮೀಸೆಯಂಚಿನಲ್ಲಿ ನಗು ಮೂಡಿ, ಕಿವಿಯವರೆಗೆ ಹಬ್ಬಿತು.

“ಅಂದ್ರೆ ನಾನು... ಬರಹಗಾರ?”

“ಒಂದು ಸಾಲಿನ ಮಟ್ಟಿಗೆ,” ಎಂದಳು ಅಕ್ಕ.

ಪುಟ್ಟಿಯ ಒಂದು ಪುಟದ ಭಾಷಣಕ್ಕೆ ಒಪ್ಪಿಗೆ ಸಿಕ್ಕಿತು, ಕೊನೆಯಲ್ಲಿ ಆ ಸಾಲು ಸೇರಿತು. ಆದರೆ ಕಷ್ಟ ಕಳೆಯಿತು ಅಂದುಕೊಂಡ ಪುಟ್ಟಿಗೆ ಹೊಸ ಕಷ್ಟ ಕಾದಿತ್ತು. ಒಡತಿಯ ಪಾತ್ರದ ನಟಿ ಗಟ್ಟಿಗಿತ್ತಿ, ಮಾತು ಬಾಯಲ್ಲಿ ಹಾಕಿಕೊಂಡು ರುಚಿ ನೋಡದೆ ಆಡುವವಳಲ್ಲ. ಶೂಟಿಂಗ್ ದಿನ ಬೀಗ ಜಡಿದು, ತಿರುಗಿ ನಿಂತು, “ನಾಳೆಯಿಂದ ನಾನು ಏಳೋದು ನನ್ನ ಕೆಲಸಕ್ಕೆ,” ಎಂದಳು. ಅವಳ ದನಿಗೆ ಮೈ ಜುಮ್ಮೆಂದಿತು.

“ಕಟ್!” ಎಂದು ಕೂಗಿದವರು ನಿರ್ದೇಶಕರಲ್ಲ, ಸಾಹುಕಾರರು. “‘ನಾಳೆಯಿಂದ’ ಅಲ್ಲಮ್ಮಾ, ‘ನಾಳೆ ಬೆಳಿಗ್ಗೆ’!”

“ಎರಡೂ ಒಂದೇ ಅಲ್ವಾ ಸರ್? ಇದು ಬಾಯಿಗೆ ಸಲೀಸು.”

“ಒಂದೇ ಹೇಗಾಗತ್ತೆ? ‘ನಾಳೆಯಿಂದ’ ಅನ್ನೋದು ಸೋಮಾರಿಗಳ ಮಾತು. ನಾನೂ ನಾಳೆಯಿಂದ ವಾಕಿಂಗ್ ಹೋಗ್ತೀನಿ ಅಂತ ದಿನಾ ಹೇಳ್ತೀನಿ. ‘ನಾಳೆ ಬೆಳಿಗ್ಗೆ’ ಅಂದ್ರೆ ಅಲಾರಂ ಇಟ್ಟಾಯ್ತು ಅಂತ. ಪುಟ್ಟಿಯವರೇ, ಹೇಳಿ ಇವರಿಗೆ! ಬರೆದವರ ಮಾತು ಬದಲಾಯಿಸೋ ಹಕ್ಕು ಯಾರಿಗಿದೆ?”

ಇಡೀ ಸೆಟ್ಟು ಪುಟ್ಟಿಯತ್ತ ತಿರುಗಿತು. ಜೀವನವಿಡೀ ತಾನು ನಿರ್ಮಾಪಕರಿಗೆ ಹೇಳಬೇಕೆಂದುಕೊಂಡು ನುಂಗಿಕೊಂಡಿದ್ದ ಮಾತನ್ನು ನಿರ್ಮಾಪಕರೊಬ್ಬರ ಬಾಯಲ್ಲೇ ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, “ಅವರು ಹೇಳೋದು ಸರಿ. ಅವರು ಬರೆದ ಹಾಗೇ ಇರಲಿ,” ಎಂದಳು. ನಟಿ ಮತ್ತೆ ಬೀಗ ಜಡಿದಳು. ಈ ಸಲ ಅಲಾರಂ ಇಟ್ಟವಳಂತೆಯೇ ಹೇಳಿದಳು. ಗುಂಪಿನಲ್ಲಿ ನಿಲ್ಲಲು ಬಂದವರು, ಹೇಳಿಕೊಡದಿದ್ದರೂ ಚಪ್ಪಾಳೆ ತಟ್ಟಿದರು.

ಸಿನಿಮಾ ಬಿಡುಗಡೆಯಾದಾಗ ಆಕಾಶವೇನೂ ಕೆಳಗಿಳಿಯಲಿಲ್ಲ. ಆದರೆ ಜನ ಬಂದರು, ಬಂದವರು ಕೊನೆಯವರೆಗೂ ಕೂತರು, ಮಾರನೆಯ ದಿನ ಬೇರೆಯವರನ್ನೂ ಕಳಿಸಿದರು. ಸಂಜೆಯ ಆಟ ಮುಗಿದ ಮೇಲೆ ಸಾಹುಕಾರರು, ಪುಟ್ಟಿ, ಅಕ್ಕ ಮೂವರೂ ಚಿತ್ರಮಂದಿರದ ಮೆಟ್ಟಿಲ ಬಳಿ ನಿಂತು ಜನರ ಮುಖ ಓದುತ್ತಿದ್ದರು. ಬಸ್ ಕಂಡಕ್ಟರ್ ಸಮವಸ್ತ್ರದಲ್ಲೇ ಬಂದಿದ್ದ ಹೆಂಗಸೊಬ್ಬಳು ಗಂಡನಿಗೆ ಜೋರಾಗಿ ಹೇಳುತ್ತಿದ್ದಳು:

“ಅವಳೇನೋ ಬೀಗ ಹಾಕ್ಬಿಟ್ಳು ಸರಿ. ಒಳಗೆ ಕೆಲಸ ಮಾಡ್ತಿದ್ದೋರು ನಾಳೆ ಬೆಳಿಗ್ಗೆ ಯಾವ ಕೆಲಸಕ್ಕೆ ಏಳ್ಬೇಕು?”

“ಅವರೂ ತಮ್ಮದೇ ಏನಾದ್ರೂ ಶುರು ಮಾಡ್ಲಿ,” ಎಂದ ಗಂಡ.

“ಶುರು ಮಾಡಕ್ಕೆ ಅವರಪ್ಪ ಕುಲುಮೆ ಕಟ್ಟಿಸಿಟ್ಟಿದ್ದಾನಾ?”

ಸಾಹುಕಾರರ ಕಿವಿ ನಿಮಿರಿತು. ಅಕ್ಕ ತೋಳು ಹಿಡಿಯುವಷ್ಟರಲ್ಲಿ ಅವರು ನುಗ್ಗಿಯಾಗಿತ್ತು. “ನೋಡಿ ತಾಯಿ, ಅದಕ್ಕೆ ಉತ್ತರ ಏನಪ್ಪಾ ಅಂದ್ರೆ...” ಎಂದು ಬೆರಳೆತ್ತಿದವರು ಬೆರಳನ್ನು ಹಾಗೇ ಹಿಡಿದು ನಿಂತುಬಿಟ್ಟರು. ತಲೆ ಕೆರೆದುಕೊಂಡು, “ಒಳ್ಳೇ ಪ್ರಶ್ನೆ ಹಾಕಿದ್ರಲ್ಲ! ಎದುರುಗಡೆ ಟೀ ಚೆನ್ನಾಗಿರತ್ತೆ. ಬನ್ನಿ, ಕೂತು ಮಾತಾಡೋಣ,” ಎಂದರು. ಇವರು ಯಾರೆಂದು ಆ ಗಂಡಹೆಂಡಿರಿಗೆ ಗೊತ್ತಿರಲಿಲ್ಲ. ಆದರೂ ಹೋದರು, ಪುಗಸಟ್ಟೆ ಟೀ, ಮೇಲೆ ಜಗಳದ ರುಚಿ.

ಪುಟ್ಟಿ, ಅಕ್ಕ ಕಾದು ನೋಡಿದರು. ಟೀ ಅಂಗಡಿಯ ಕಿಟಕಿಯಲ್ಲಿ ಕಂಡಕ್ಟರಮ್ಮನ ಕೈಗಳು ಗಾಳಿಯಲ್ಲಿ ಆಡುತ್ತಿದ್ದವು. ಸಾಹುಕಾರರು ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದರು.

“ಇದು ಈಗಲೇ ಮುಗಿಯೋ ಲಕ್ಷಣ ಕಾಣ್ತಿಲ್ಲ. ನಡಿ, ಹಸಿವಾಗ್ತಿದೆ,” ಎಂದಳು ಅಕ್ಕ.

“ಸ್ವಲ್ಪ ತಾಳೇ,” ಎಂದಳು ಪುಟ್ಟಿ. “ಆ ಹೆಂಗಸು ಇನ್ನೇನು ಹೇಳ್ತಾಳೋ ಕೇಳ್ಕೊಂಡು ಬರ್ತೀನಿ.” ಅವಳು ಆಗಲೇ ರಸ್ತೆ ದಾಟುತ್ತಿದ್ದಳು. ಅಕ್ಕ ಗೊಣಗುತ್ತಲೇ ಹಿಂದೆ ಹೊರಟಳು.