ಹಿಂದಿನ ಕೈ

ಹೋದ ವರ್ಷ ಬಾಕ್ಸಿಂಗ್ ಫೈನಲ್ ಗೆದ್ದಾಕಿ ನಾನು, ರಾಜ್ಯ ತಂಡಕ್ಕ ಹೋದಾಕಿ ರಜನಿ. ಈಗ ಮತ್ತ ಅದ ರಜನಿ ನನ್ನ ಮುಂದ, ಕೆಂಪು ಗ್ಲೌಸಿನ ಹಿಂದ ಅಕಿ ಕಣ್ಣಷ್ಟ ಕಾಣತಾವ, ಬಾಯಾಗ ಹಲ್ಲು ಕಾಯೂ ರಬ್ಬರಿನ ರುಚಿ, ಕಡೇ ರೌಂಡು, ಗೆದ್ದಾಕಿ ರಾಜ್ಯಕ್ಕ, ಹಂಗಂತ ಹೋದ ವರ್ಷಾನೂ ಹೇಳಿದ್ರು — ಸಂಘದ ಕಾರ್ಯದರ್ಶಿ ಕುಮಾರಸ್ವಾಮಿ ಸಾಹೇಬ್ರು, ರಜನಿಯ ಸ್ವಾದರಮಾವ, ರಿಂಗಿನ ಹಗ್ಗದಾಚೆ ಕುಂತು ಚಹಾ ಕುಡಿಯಾಕತ್ತಾರ, ಕುಡೀಲಿ, ಮುಂದಿನ ಕೈಲೆ ಎಷ್ಟು ತಾಗಿಸಿದರೂ ಅವು ಪಾಯಿಂಟು, ಪಾಯಿಂಟು ಕಾಗದದ ಮ್ಯಾಲಿರತಾವ, ಕಾಗದ ಅವರ ಕೈಯಾಗಿರತದ, ಗಲ್ಲದ ಹತ್ರ ಕಾದಿರೂ ಹಿಂದಿನ ಕೈಯ ಏಟು ಬಿದ್ದರ ಇಡೀ ಹಾಲು ನೋಡತದ, ಅದನ್ನ ಯಾರು ತಿದ್ದತಾರ. ಆಟ ಕಲಿಸಿದ ರಸೂಲಬಿ ಆಪಾ ಮೂಲ್ಯಾಗಿಂದ ಕೂಗತಾಳ, ತಡಿಯವಾ ಹುಲಿಗೆವ್ವಾ, ಮುಂದಿನ ಕೈ ಬಾಗಲಾ ಬಡೀಲಿ, ಹಿಂದಿನ ಕೈ ಆಮ್ಯಾಲೆ ಒಳಗ ಹೋಗಲಿ — ನನ್ನ ಹಿಂದಿನ ಕೈ ಎಡಗೈ, ಮಂದಿ ಬ್ಯಾಡಂದ ಕೈ, ಗ್ಯಾಲರ್ಯಾಗ ಯಾವನೋ ಏ ಎಡಚಿ, ಉಣ್ಣೂದೂ ಅದರಾಗೇನ ಅಂತಾನ, ಎಲ್ಲಾರೂ ನಗತಾರ, ನಮ್ಮೂರು ಗರಗದಾಗ ಅವ್ವ ಚರಕಾದ ಮುಂದ ಕುಂತು ಬಲಗೈಲೆ ಗಾಲಿ ತಿರುವತಿದ್ಲು, ಎಡಗೈಲೆ ನೂಲು ಎಳೀತಿದ್ಲು, ಹಿಂದಕ್ಕ, ಇನ್ನೂ ಹಿಂದಕ್ಕ, ಹರೀಲಾರದಂಗ, ದೇಶದ ಧ್ವಜದ ಖಾದಿ ಅರಿವಿ ಆ ಎಡಗೈಯಾಗ ಹುಟ್ಟತಿತ್ತು, ಮನ್ಯಾಗ ಮಾತ್ರ ನಾ ಎಡಗೈಲೆ ರೊಟ್ಟಿ ಮುರದ್ರ ಸೌಟಿನ ಏಟು, ಯವ್ವಾ ಈ ರೊಟ್ಟಿ ನಿನ್ನ ಎಡಗೈ ದುಡದದ್ದ ಅಲ್ಲೇನ ಅಂದಿದ್ದೆ ಒಮ್ಮೆ, ಸುಮ್ನ ಉಣ್ಣ ಅಂದ್ಲು, ಆದ್ರ ಸೌಟು ಕೆಳಗಿಟ್ಲು.

ರಜನಿ ಬಂದ್ಲು, ಬರಲಿ — ಮೊದಮೊದಲು ನಾ ಸಿಟ್ಟಿಲೆ ಹೊಡೀತಿದ್ದೆ, ಕೈ ಹಿಂದಕ್ಕ ಜಗ್ಗಿ ಎತ್ತಿ, ಆಪಾ ನಗತಿದ್ಲು, ಡಂಗುರ ಸಾರಿ ಕಳುವಿಗೆ ಹೊಂಟೀ ಏನಬೇ, ಕೈ ಗಲ್ಲದ ಮ್ಯಾಲಿರಲಿ, ಸಿಟ್ಟು ಹಿಮ್ಮಡ್ಯಾಗ ಇಡು, ಹಿಮ್ಮಡಿ ತಿರುಗಿದ್ರ ಸೊಂಟ, ಸೊಂಟ ತಿರುಗಿದ್ರ ಭುಜ, ಮುಷ್ಟಿ ಎಲ್ಲಕ್ಕಿಂತ ಕಡೀಕ — ಬಲಗೈ ಟಕ್, ಮತ್ತ ಟಕ್, ನನ್ನ ಬಲಗಾಲು ಅಕಿ ಎಡಗಾಲಿನ ಹೊರಗ, ಬಾಗಲಾ ಬಡದಾತು, ಅಕಿ ಹೊಡದ್ಲು, ಹೊಡದ ಕೈ ಗಲ್ಲಕ್ಕ ಬರೂದು ಬಿಟ್ಟು ಎದಿ ಮಟ್ಟಕ್ಕ ಇಳೀತು, ಗದ್ದ ಖಾಲಿ — ಹಿಮ್ಮಡಿ ತಿರುಗೇತಿ, ನಾ ತಿರುಗಿಸಿದ್ದಲ್ಲ, ಸೊಂಟ, ಭುಜ, ಎಡಗೈ ನೆಟ್ಟಗ ಹೋಗಿ ತಾಗಿ ಗಲ್ಲಕ್ಕ ವಾಪಸ್ ಬಂದೇತಿ, ರಜನಿ ನೆಲಕ್ಕ ಕುಂತಾಳ, ಸಪ್ಪಳಿಲ್ಲ, ಇಡೀ ಹಾಲಿನಾಗ ಸಪ್ಪಳಿಲ್ಲ, ರೆಫರಿ ಎಣಸ್ತಾನ, ಅಕಿ ಎದ್ಲು, ಮೊಣಕಾಲು ಅಕಿ ಮಾತು ಕೇಳವಲ್ಲವು, ರೆಫರಿ ಎರಡೂ ಕೈ ಆಡಿಸಿದ, ಮುಗೀತು, ಈಗ ನೋಡು ಸಪ್ಪಳ, ಎಡಚಿ ಅಂದಾವನೂ ಎದ್ದು ನಿಂತು ಸೀಟಿ ಹೊಡೀತಾನ, ಆಪಾ ಅಳತಾಳೋ ನಗತಾಳೋ, ಗೆದ್ದೇನಿ, ಕಾಗದ ಬ್ಯಾಡ, ಗೆದ್ದೇನಿ, ಸಾಹೇಬ್ರು ಎದ್ದಾರ, ರೆಫರಿ ಕಿವ್ಯಾಗ ಏನೋ ಅಂದು ನನ್ನ ಕಡೆ ತಿರುಗಿ ಬಾಳ ನಯವಾಗಿ, ಇಳೀವಾ ತಂಗಿ, ಅರಿವಿ ಬದಲಿಸಿಕೊಂಡು ಬಾ, ಫಲಿತಾಂಶ ಆಮ್ಯಾಲೆ ಹೇಳ್ತೇವಿ — ಹೋದ ವರ್ಷ ಇಳದಿದ್ದೆ, ನಾ ಅರಿವಿ ಬದಲಿಸೂದ್ರಾಗ ಒಳಗಿನ ಖೋಲ್ಯಾಗ ಗೆದ್ದಾಕಿ ಹೆಸರು ಬದಲಾಗಿತ್ತು — ಇಲ್ರಿ ಸಾಹೇಬ್ರ, ಇಲ್ಲೇ ಹೇಳ್ರಿ, ಈ ಮಂದಿ ಮುಂದ. ಇಳಿ ಅಂದ್ರ ಇಳೀಬೇಕು ಅಂತಾರ, ದನಿಯಾಗ ನಯ ಇಲ್ಲೀಗ. ಹಿಮ್ಮಡಿ ಊರೇನಿ, ಎಡಗೈ ಇನ್ನೂ ಗಲ್ಲದ ಮ್ಯಾಲ, ಇಳಿಯೂದಿಲ್ರಿ.