ಹಳ್ಳದ ಸೇತುವೆ ಮೇಲೆ ಶಟ್ಟೆವ್ವ

ಕಟಕೋಳದ ಶಟ್ಟೆವ್ವ ಬೈಯಲು ನಿಂತರೆ ಓಣಿಯ ನಾಯಿಗಳೂ ಎದ್ದು ಹೋಗುತ್ತಿದ್ದವು. ಹಿಂದಿನ ಮನೆಯ ಸಾಯಿಮಾ ಕಾಲೇಜಿನ ಗೆಳತಿಯರನ್ನು ಕಟ್ಟಿಕೊಂಡು ರವಿವಾರಕ್ಕೊಮ್ಮೆ ಊರ ಹಳ್ಳ ಸ್ವಚ್ಛ ಮಾಡುತ್ತಿದ್ದಳು. ಒಂದು ಸಂಜೆ ಆಕೆ ಬಂದು, "ದೊಡ್ಡವ್ವ, ನೀವೂ ಬರ್ರಿ," ಎಂದಾಗ ಶಟ್ಟೆವ್ವನಿಗೆ ನಗು ಬಂತು.

"ಸಲಿಕಿ ಹಿಡದ್ರ ನನ್ನ ಸೊಂಟ ಹಿಡೀತೈತಿ. ಮತ್ತೇನ್ ಬರ್ತೈತಿ ನನಗ?"

"ಮಾತು ಬರ್ತೈತಲ್ರಿ. ನಾವು ಕೆಳಗ ಕಸ ತಗ್ಯಾಕ ಹತ್ತಿರತೇವಿ, ಮಂದಿ ಸೇತುವಿ ಮ್ಯಾಲಿಂದ ಒಗ್ಯಾಕ ಹತ್ತಿರತಾರ. ಅವರಿಗೆ ಹೇಳ್ರಿ. ಆದ್ರ ಬೈಬ್ಯಾಡ್ರಿ, ಸಮಾಧಾನದಿಂದ ಹೇಳ್ರಿ."

ಆ ರವಿವಾರ ಶಟ್ಟೆವ್ವ ಛತ್ರಿ ಹಿಡಿದು ಸೇತುವೆಯ ಕಟ್ಟೆಯ ಮೇಲೆ ಕುಂತಳು. "ಒಗೀಬ್ಯಾಡ್ರೀಪಾ," ಎಂದು ಎಷ್ಟು ಮೆಲ್ಲಗೆ ಹೇಳಿದಳೆಂದರೆ, ಬೈಕಿನವನೊಬ್ಬ "ಏನಂದ್ರಿ?" ಎಂದು ಕೇಳುತ್ತಲೇ ಕೋಳಿ ಪುಕ್ಕದ ಚೀಲ ಒಗೆದು ಹೋದ. ಬಾಯಿಗೆ ಬಂದದ್ದನ್ನು ನುಂಗಿ ನುಂಗಿ ಆಕೆಗೆ ಹೊಟ್ಟೆ ಉಬ್ಬರಿಸಿದಂತಾಯಿತು.

ಅಷ್ಟರಲ್ಲಿ ಸಣ್ಣ ಗೂಡ್ಸ್ ಗಾಡಿಯೊಂದು ಬಂದು ಸೇತುವೆಯ ಆ ತುದಿಗೆ ನಿಂತಿತು. ಇಳಿದವನು ಆಕೆಯ ಅಳಿಯ ಭೀಮಶಿ, ರಾಮದುರ್ಗದಲ್ಲಿ ಮದುವೆ ಊಟದ ಗುತ್ತಿಗೆ ಹಿಡಿಯುವವನು. ಎಂಜಲು ತಾಟು, ಪ್ಲಾಸ್ಟಿಕ್ ಗ್ಲಾಸು ತುಂಬಿದ ಮೂಟೆಯನ್ನು ನೀರಿಗೆ ಉರುಳಿಸಿ ಹೊರಳಿದರೆ ಎದುರಿಗೆ ಅತ್ತೆ.

ಶಟ್ಟೆವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅಳಿಯನ ಮುಂದೆ ಆಕೆ ಎಂದೂ ದನಿ ಏರಿಸಿದವಳಲ್ಲ.

"ಆರಾಮ ಅದೀರೇನ್ರಿ ಅತ್ತಿ?" ಎಂದ ಆತ.

"ಆರಾಮ ಅದೀನ್ರಿ. ನಮ್ಮ ಮಗಳು ಮಂಜುಳಾ ಆರಾಮ ಅದಾಳೇನ್ರಿ?" ಎಂದವಳೇ ಸೀರೆ ಎತ್ತಿ ಕಟ್ಟಿ ಹಳ್ಳಕ್ಕೆ ಇಳಿದಳು. ಒಡೆದ ಮೂಟೆಯಿಂದ ತಾಟುಗಳು ತೇಲಿ ಹೊರಟಿದ್ದವು. ಒಂದೊಂದನ್ನೇ ಆರಿಸತೊಡಗಿದಳು.

"ಅತ್ತಿ, ಬ್ಯಾಡ್ರಿ, ನೀವ್ಯಾಕ..."

"ನೀವು ಅಲ್ಲೇ ನಿಂದರ್ರಿ. ಬಿಳಿ ಅರಿವಿ ಹೊಲಸಾಗ್ತಾವು."

ಚುಚ್ಚಿ ಹೇಳಿದ ಮಾತಲ್ಲ, ನಿಜವಾಗಿಯೇ ಹೇಳಿದ್ದು. ಭೀಮಶಿಗೆ ನಿಲ್ಲಲಾಗಲಿಲ್ಲ. ಪ್ಯಾಂಟು ಮಡಚಿ ತಾನೂ ಇಳಿದ.

ಇಬ್ಬರೂ ಮೊಳಕಾಲುದ್ದ ನೀರಿನಲ್ಲಿದ್ದಾಗ ಮೇಲಿನಿಂದ ಯಾರೋ ಒಗೆದ ಚೀಲ ಆತನ ಪಕ್ಕದಲ್ಲೇ ಬಿತ್ತು. ಬಿಳಿ ಅಂಗಿಯ ತುಂಬ ಕೆಸರು. ಶಟ್ಟೆವ್ವ ಅಷ್ಟು ಹೊತ್ತು ತಡೆದಿದ್ದ ಬೈಗಳೆಲ್ಲ ಒಮ್ಮೆಲೇ ಹೊರಬಿತ್ತು. ಮೇಲಿನವನು ಬೈಕಿನಿಂದ ಇಳಿದು, ಚಪ್ಪಲಿ ಬಿಚ್ಚಿ, ತನ್ನ ಚೀಲ ತಾನೇ ಎತ್ತಿಕೊಂಡು ಹೋದ. ಅತ್ತೆ ಮಿತಭಾಷಿ ಎಂದೇ ನಂಬಿದ್ದ ಭೀಮಶಿ ಬಾಯಿ ತೆರೆದು ನಿಂತಿದ್ದ.

"ಅತ್ತಿ, ಇದು ನನಗ ಬರಬೇಕಾಗಿದ್ದ ಬೈಗಳಲ್ರಿ?"

"ನಿಮಗ ಹೆಂಗ ಅನ್ಲಿ ನಾನು?"

"ಅನ್ರಿ."

ಶಟ್ಟೆವ್ವ ಕೈಯಲ್ಲಿದ್ದ ತಾಟುಗಳನ್ನು ದಂಡೆಗೆ ಹಾಕಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಕೇಳಿದಳು: "ಮೈಮ್ಯಾಲೆ ಖಬರ ಐತೇನ್ರಿ ನಿಮಗ?"

ಭೀಮಶಿ ನಕ್ಕ. ಆಕೆಗೂ ನಗು ತಡೆಯಲಾಗಲಿಲ್ಲ.

ಅಂದು ಸಾಯಿಮಾಳ ಬಳಗ ತೆಗೆದ ಕಸವೆಲ್ಲ ಆತನ ಗಾಡಿಯಲ್ಲೇ ರಾಮದುರ್ಗದ ಕಸದ ಡಿಪೋಗೆ ಹೋಯಿತು. ಈಗ ಮದುವೆಯಿಲ್ಲದ ರವಿವಾರಗಳಲ್ಲಿ ಭೀಮಶಿ ಖಾಲಿ ಗಾಡಿ ತಂದು ಸೇತುವೆಯ ಬಳಿ ನಿಲ್ಲಿಸುತ್ತಾನೆ. ತುಂಬುವ ತನಕ ಅತ್ತೆಯ ಪಕ್ಕದಲ್ಲಿ ಕುಂತು ಚುರುಮುರಿ ತಿನ್ನುತ್ತಾನೆ.